ಬೆಳ್ಳಿಗದೆಯ ಕುಸ್ತಿ

ಮಹಾರಾಷ್ಟ್ರದ ಪುರುಷ ಕುಸ್ತಿಪಟುಗಳಲ್ಲಿ ಒಬ್ಬನಿಗಷ್ಟೇ ಸಲ್ಲುವ ‘ಮಹಾರಾಷ್ಟ್ರ ಕೇಸರಿ’ ಪಟ್ಟಕ್ಕೆ ಈಗ ಅರುವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1953ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ರಾಜ್ಯ ಕುಸ್ತಿಗೀರ ಪರಿಷತ್ತು 1961ರಲ್ಲಿ ಔರಂಗಾಬಾದಿನಲ್ಲಿ ಈ ಪಟ್ಟಕ್ಕಾಗಿ ಮೊದಲ ಸ್ಪರ್ಧೆಯನ್ನು ಏರ್ಪಡಿಸಿತು. ದಿನಕರ ದಹ್ಯಾರಿ ಮೊದಲ ಕೇಸರಿಯಾದರು. ಕುಸ್ತಿಗೀರ ಎಂದರೆ ಕನ್ನಡದಲ್ಲಿ ಪೈಲ್ವಾನ ಅಥವಾ ಜಟ್ಟಿ ಎಂದು ಕರೆಯುವ ಮಲ್ಲನೇ. ಕೇಸರಿ ಎಂದರೆ ಸಿಂಹ. ಅಂದಿನಿಂದ ಸ್ಪರ್ಧೆಯು ರಾಜ್ಯದ ಊರೂರು ಸುತ್ತಿದರೂ ಅದರ ನಿಯಮ, ಆಡಳಿತ ಮತ್ತು ವಿವಾದಗಳ ನೆಲೆ ಪುಣೆಯಲ್ಲಿಯೇ ಉಳಿಯಿತು. ಗೆದ್ದವರ ಹೆಸರುಗಳ ಪಟ್ಟಿ ಮರಾಠಿ ನಾಡಿನ ಕುಸ್ತಿಪ್ರಿಯರಿಗೆ ಬಾಯಿಪಾಠ. ಆ ಪಟ್ಟಿಯ ಹಿಂದೆ, ಜಾತ್ರೆಯಲ್ಲಿಯೂ ಅರಮನೆಯ ಅಂಗಳದಲ್ಲಿಯೂ ಬೆಳೆದ ಮಣ್ಣಿನ ಕುಸ್ತಿಯು ಗಡಿಯಾರ ಮತ್ತು ಅಂಕಗಳ ಒಲಿಂಪಿಕ್ ಕುಸ್ತಿಯೊಂದಿಗೆ ಮಾಡಿಕೊಂಡ, ಇಂದಿಗೂ ಪೂರ್ತಿ ಇತ್ಯರ್ಥವಾಗದ, ಒಂದು ಒಪ್ಪಂದದ ಚರಿತ್ರೆ ಅಡಗಿದೆ.

ದಖ್ಖನಿನಲ್ಲಿ ಮಲ್ಲರನ್ನು ವರ್ಗ ಮಾಡಿ ಕಾಳಗಕ್ಕೆ ಬಿಡುವ ಪದ್ಧತಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಾಗಿದ್ದು, ಅದು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿ, ಅವರಿಗೆ ಕೊಡಬೇಕಾದ ಆಹಾರ, ಮಾಡಿಸಬೇಕಾದ ಸಾಮು ಮತ್ತು ಕಾಳಗದ ಕ್ರಮಗಳನ್ನು ವಿವರಿಸುತ್ತದೆ. ಈಗಿನ ಬಸವಕಲ್ಯಾಣದಿಂದ ಆಳಿದ ಆ ಅರಸನ ರಾಜ್ಯದೊಳಗೆ ಇಂದಿನ ಮಹಾರಾಷ್ಟ್ರದ ದಕ್ಷಿಣ ಭಾಗವೂ ಸೇರಿತ್ತು. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳ ಹೆಸರಿಗೂ ‘ಜ್ಯೇಷ್ಠಿ’ ಎಂಬ ಶಬ್ದಕ್ಕೂ ಇರುವ ನಂಟನ್ನು ನೆನೆದರೆ, ಕನ್ನಡ ಮತ್ತು ಮರಾಠಿ ನಾಡುಗಳ ಕುಸ್ತಿಗೆ ಬೇರು ಒಂದೇ ಎಂಬುದು ತಿಳಿಯುತ್ತದೆ.

ಪುಣೆಯ ಮಟ್ಟಿಗೆ ಕುಸ್ತಿಯ ಲಿಖಿತ ಪರಂಪರೆ ಪೇಶ್ವೆಗಳ ಕಾಲಕ್ಕೆ ಹೋಗುತ್ತದೆ. ಕೊನೆಯ ಪೇಶ್ವೆ ಎರಡನೆಯ ಬಾಜೀರಾಯನ ಆಸ್ಥಾನದ ವ್ಯಾಯಾಮ ಗುರು ಬಾಳಂಭಟ್ಟ ದಾದಾ ದೇವಧರರ ಹೆಸರು ಇಂದಿಗೂ ಎರಡು ಕಾರಣಗಳಿಗಾಗಿ ಉಳಿದುಕೊಂಡಿದೆ. ನೆಟ್ಟ ಕಂಬದ ಮೇಲೆ ಮಲ್ಲನು ಮೈ ಸುತ್ತಿ, ಜಾರಿ, ತಲೆಕೆಳಗಾಗಿ ನಿಂತು ಕಸರತ್ತು ಮಾಡುವ ಮಲ್ಲಕಂಬವನ್ನು ಮತ್ತೆ ಬಳಕೆಗೆ ತಂದವರೆಂಬುದು ಒಂದು. ನಿಜಾಮನ ಸೀಮೆಯಿಂದ ಬಂದು ಪುಣೆಯ ಮಲ್ಲರಿಗೆ ಸವಾಲು ಹಾಕಿದ ಪೈಲ್ವಾನರನ್ನು ಎದುರಿಸಲು ಅವರು ವಣಿಯ ಸಪ್ತಶೃಂಗಿ ದೇವಿಯ ಬೆಟ್ಟದಲ್ಲಿ ಸಾಧನೆ ಮಾಡಿ ಬಂದು ಗೆದ್ದರೆಂಬ, ವ್ಯಾಯಾಮಶಾಲೆಗಳಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ಕಥನ ಇನ್ನೊಂದು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಅರಮನೆಯ ಆಶ್ರಯ ತಪ್ಪಿದ ಮೇಲೆ, ಪುಣೆಯ ಕುಸ್ತಿಯನ್ನು ಉಳಿಸಿದ್ದು ಪೇಠೆಗಳು, ಅಂದರೆ ಹಳೆಯ ನಗರದ ಬಡಾವಣೆಗಳು. ಚಿಂಚೇಚಿ ತಾಲೀಮು, ಗೋಕುಳ ವಸ್ತಾದ ತಾಲೀಮು ಮೊದಲಾದ ಹೆಸರುಗಳು ಆ ಪೇಠೆಗಳ ನೆರೆಹೊರೆಯ ಬದುಕಿನೊಂದಿಗೇ ಬೆಳೆದವು. ಮೊದಲನೆಯದು ಹುಣಸೆ ಮರದಿಂದ ಹೆಸರು ಪಡೆದಿದ್ದರೆ ಎರಡನೆಯದು ಗುರುವಿನ ಹೆಸರನ್ನೇ ಹೊತ್ತಿದೆ.

ತಾಲೀಮು ಎಂಬ ಅರಬಿ ಮೂಲದ ಶಬ್ದಕ್ಕೆ ಶಿಕ್ಷಣ ಎಂದು ಅರ್ಥ. ಮರಾಠಿಯಲ್ಲಿಯೂ ಬೆಳಗಾವಿ, ಧಾರವಾಡದ ಕನ್ನಡದಲ್ಲಿಯೂ ಅದು ಗರಡಿಮನೆಯ ಹೆಸರು. ಅದರ ಗುರುವನ್ನು ವಸ್ತಾದ ಎನ್ನುತ್ತಾರೆ. ತಾಲೀಮಿನ ನಡುವೆ ನೆಲದ ಮಟ್ಟಕ್ಕಿಂತ ಕೆಳಗೆ ಅಗೆದು ಕೆಂಪು ಮಣ್ಣು ತುಂಬಿದ ಗುಣಿಯ ಹೆಸರೇ ‘ಹೌದಾ’; ಮೈಸೂರು ಸೀಮೆಯವರು ಮಟ್ಟಿ ಎನ್ನುವುದು ಇದನ್ನೇ. ಈ ಮಣ್ಣನ್ನು ಜರಡಿ ಹಿಡಿದು ಕಲ್ಲು ಕಸ ತೆಗೆದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರಗಳನ್ನು ಬೆರೆಸಿ ಹದ ಮಾಡಲಾಗುತ್ತದೆ. ತೀರ ಒಣಗಿದರೆ ಧೂಳೆದ್ದು ಉಸಿರು ಕಟ್ಟುತ್ತದೆ, ತೀರ ತೇವವಾದರೆ ಕಾಲು ಹೂತು ಪಟ್ಟು ನಿಲ್ಲುವುದಿಲ್ಲ. ಪ್ರತಿದಿನ ನಸುಕಿನಲ್ಲಿ ಕಿರಿಯ ಪೈಲ್ವಾನರು ಸನಿಕೆ ಹಿಡಿದು ಹಿಂದಿನ ದಿನ ತುಳಿದು ಗಟ್ಟಿಯಾದ ಮಣ್ಣನ್ನು ಅಗೆದು ಮಗುಚಿ ಸಮ ಮಾಡುವುದು ತಾಲೀಮಿನ ಮೊದಲ ಸಾಮು. ಗೋಡೆಯ ಗೂಡಿನಲ್ಲಿರುವ ಮಾರುತಿಗೆ ಕೈಮುಗಿದು, ಒಂದು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಎದುರಾಳಿಯ ಮೈಗೂ ಮಣ್ಣು ಎರಚಿದ ಮೇಲೆಯೇ ಜೋಡಿ ಕೈ ಕೂಡಿಸುತ್ತದೆ. ಬೆವರಿದ ಮೈ ಜಾರದಂತೆ ಹಿಡಿತ ಕೊಡುವುದು ಈ ಮಣ್ಣಿನ ಕೆಲಸವಾದ್ದರಿಂದ, ಅದನ್ನು ಎರಚುವುದು ಎದುರಾಳಿಗೆ ಸಲ್ಲಿಸುವ ಮರ್ಯಾದೆಯೂ ಹೌದು, ತನ್ನ ಹಿಡಿತಕ್ಕೆ ಮಾಡಿಕೊಳ್ಳುವ ಸಿದ್ಧತೆಯೂ ಹೌದು.

ಈ ಮಣ್ಣಿನ ಕುಸ್ತಿಯಲ್ಲಿ ಪಂದ್ಯಾವಳಿ ಎಂಬ ಕಲ್ಪನೆಯೇ ಇರಲಿಲ್ಲ. ಗ್ರಾಮದೇವತೆಯ ಜಾತ್ರೆಯಲ್ಲಿ ಅಥವಾ ಉರುಸಿನಲ್ಲಿ ಊರಿನ ಪಂಚರು ಮೈದಾನ ಕಟ್ಟಿ, ಮೈಕಟ್ಟು ಮತ್ತು ಕೀರ್ತಿಗಳನ್ನು ನೋಡಿ ಸಮಸಮನಾದ ಜೋಡಿಗಳನ್ನು ಕಟ್ಟುತ್ತಿದ್ದರು. ಚಿಕ್ಕ ಹುಡುಗರ ಜೋಡಿಯಿಂದ ಆರಂಭವಾದ ಆಟ ಸಂಜೆಯ ಹೊತ್ತಿಗೆ ಹೆಸರುವಾಸಿ ಮಲ್ಲರ ಒಂದೇ ಒಂದು ದೊಡ್ಡ ಕುಸ್ತಿಗೆ ಬಂದು ನಿಲ್ಲುತ್ತಿತ್ತು. ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಆಟವನ್ನು ನಿಕಾಲಿ ಕುಸ್ತಿ ಎನ್ನುತ್ತಾರೆ. ಎದುರಾಳಿಯ ಎರಡೂ ಭುಜಗಳು ಮಣ್ಣಿಗೆ ತಾಗಬೇಕು, ಅವನು ಆಕಾಶ ನೋಡಬೇಕು, ಅದೇ ಚಿತ್. ಅದಕ್ಕಿಂತ ಕಡಿಮೆಯಾದ ಗೆಲುವಿಗೆ ಲೆಕ್ಕವಿರಲಿಲ್ಲ. ಗಂಟೆಗಟ್ಟಲೆ ಸೆಣಸಿಯೂ ಯಾರೊಬ್ಬರೂ ಬೀಳದಿದ್ದರೆ ಪಂಚರು ಸಮಜೋಡಿ ಎಂದು ಬಿಡಿಸುತ್ತಿದ್ದರು, ಇಬ್ಬರಿಗೂ ಅದರಿಂದ ಅವಮಾನವಾಗುತ್ತಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಕೊಲೋಸಿಯಮ್ ನೋಡಿ ಬಂದ ಮೇಲೆ ಅದೇ ಮಾದರಿಯಲ್ಲಿ ಕಟ್ಟಿಸಿ 1912ರಲ್ಲಿ ತೆರೆದ ಖಾಸಬಾಗ್ ಮೈದಾನವು ಈ ಪದ್ಧತಿಗೆ ರಾಜಮನ್ನಣೆಯ ಗುರುತು: ವೃತ್ತಾಕಾರದ ಇಳಿಜಾರಿನ ನಡುವೆ ಮಣ್ಣಿನ ಕಣ, ಸುತ್ತಲೂ ಎಲ್ಲಿ ಕೂತರೂ ಕಣ್ಣಿಗೆ ಅಡ್ಡಿಯಿಲ್ಲದ ನೋಟ. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾದಾಗ ಪೈಲ್ವಾನರ ಖುರಾಕಿಗೆ, ಅಂದರೆ ಹಾಲು, ತುಪ್ಪ, ಬಾದಾಮಿ, ಮಾಂಸಗಳ ದಿನದ ಖರ್ಚಿಗೆ, ಇದ್ದ ಆಧಾರವೇ ಕುಸಿಯಿತು.

ಅದೇ ಸಮಯಕ್ಕೆ ಇನ್ನೊಂದು ಒತ್ತಡವೂ ಬಂತು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ಯಾಂಟಮ್ ತೂಕದ ವಿಭಾಗದಲ್ಲಿ ಕಂಚಿನ ಪದಕ ಗೆದ್ದು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಒಲಿಂಪಿಕ್ ಪದಕ ತಂದ ಮೊದಲಿಗರಾದರು. ಅವರ ಪ್ರಯಾಣದ ಹಣ ಹೊಂದಿಸಲು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟ ಸಂಗತಿ, ಆಗ ಕುಸ್ತಿಯ ಬೆನ್ನಿಗೆ ನಿಲ್ಲುವ ಸಂಸ್ಥೆಯೇ ಇರಲಿಲ್ಲವೆಂಬುದನ್ನು ಬೇರಾವ ದಾಖಲೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಮಣ್ಣಿನಲ್ಲಿ ಪಳಗಿದ ಮಲ್ಲನು ಹೊರದೇಶದಲ್ಲಿ ಗಾದಿಯ ಮೇಲೆ ಆಡಬೇಕಿತ್ತು. ಮರಾಠಿ ಕುಸ್ತಿಲೋಕವು ಮ್ಯಾಟನ್ನು ಕರೆಯುವ ಹೆಸರು ಗಾದಿ. ಅಲ್ಲಿ ತೂಕದ ವಿಭಾಗ, ನಿಮಿಷದ ಲೆಕ್ಕ, ಅಂಕ ಹಾಗೂ ತೀರ್ಪುಗಾರರ ಮಂಡಳಿ ಇದ್ದವು. ಹೆಲ್ಸಿಂಕಿಯ ಮರುವರ್ಷವೇ ಪುಣೆಯಲ್ಲಿ ಕುಸ್ತಿಗೀರ ಪರಿಷತ್ತು ಹುಟ್ಟಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದನ್ನು ಕಟ್ಟುವಲ್ಲಿ ಮುಂದಾಳಾಗಿದ್ದ ಮಾಮಾಸಾಹೇಬ ಮೋಹೋಳರು ಪುಣೆಗೆ ಪಶ್ಚಿಮದಲ್ಲಿರುವ ಮುಳಶಿ ಸೀಮೆಯವರು. ತಾಲೀಮುಗಳ ಒಳಗನ್ನೂ ಸಾರ್ವಜನಿಕ ಸಂಸ್ಥೆಗಳ ನಡವಳಿಕೆಯನ್ನೂ ಬಲ್ಲವರು. ಚದುರಿದ್ದ ತಾಲೀಮುಗಳನ್ನು ಜಿಲ್ಲಾವಾರು ಸಂಘಗಳೊಳಗೆ ತಂದು, ಜಿಲ್ಲೆಯ ಆಯ್ಕೆ ಕುಸ್ತಿಗಳಲ್ಲಿ ಗೆದ್ದವರನ್ನು ‘ಅಧಿವೇಶನ’ಕ್ಕೆ, ಅಂದರೆ ರಾಜ್ಯಮಟ್ಟದ ಸ್ಪರ್ಧೆಗೆ, ಕಳಿಸುವ ವ್ಯವಸ್ಥೆಯೇ ಪರಿಷತ್ತಿನ ದೊಡ್ಡ ಕೊಡುಗೆ. ಪಂಚರು ಜೋಡಿ ಕಟ್ಟುತ್ತಿದ್ದ ಕಡೆ ಈಗ ಚೀಟಿ ಎತ್ತಿ ಎದುರಾಳಿಯನ್ನು ಗೊತ್ತುಮಾಡುವ ಪದ್ಧತಿ ಬಂತು. ಹೆಸರಿಲ್ಲದ ಹಳ್ಳಿಯ ಹುಡುಗನೂ ಮೊದಲ ಬಾರಿಗೆ ಹೆಸರಾಂತನ ಎದುರು ನಿಲ್ಲುವ ಹಕ್ಕು ಪಡೆದನು.

ಪಟ್ಟದ ಹೆಸರಿನಲ್ಲಿಯೂ ಆ ಕಾಲದ ಗುರುತಿದೆ. ಅದಕ್ಕೆ ಹಿಂದಿನ ತಲೆಮಾರಿನ ಮಹಾಮಲ್ಲ ಗಾಮಾ ‘ರುಸ್ತುಮ್-ಏ-ಹಿಂದ್’ ಆಗಿದ್ದು, ಆ ಬಿರುದು ಪಾರಸಿ ಮಹಾಕಾವ್ಯದ ವೀರ ರುಸ್ತುಮನ ಹೆಸರಿನಿಂದ ಬಂದಿತ್ತು. 1950ರ ದಶಕದ ಕೊನೆಯಲ್ಲಿ ರಾಷ್ಟ್ರಮಟ್ಟದಲ್ಲಿ ‘ಹಿಂದ್ ಕೇಸರಿ’ ಆರಂಭವಾಗಿ, ಸಂಸ್ಕೃತದ ಸಿಂಹವು ಪಾರಸಿ ವೀರನ ಪಕ್ಕದಲ್ಲಿ ಬಂದು ನಿಂತಿತು. 1959ರಲ್ಲಿ ದೆಹಲಿಯಲ್ಲಿ ಬಂತಾ ಸಿಂಗನನ್ನು ಸೋಲಿಸಿ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಆ ಪಟ್ಟವನ್ನು ಮಹಾರಾಷ್ಟ್ರಕ್ಕೆ ತಂದ ಮೊದಲಿಗರೆಂದು ಪ್ರಸಿದ್ಧರು. ಅವರ ಊರು ಮಾತ್ರ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಯಕ್ಸಂಬಾ, ಪಳಗಿದ್ದು ಕೊಲ್ಹಾಪುರದ ತಾಲೀಮಿನಲ್ಲಿ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯಿಸಿತು, ಅದರ ಮರುವರ್ಷವೇ ಆ ರಾಜ್ಯದ ಹೆಸರು ಹೊತ್ತ ಕೇಸರಿ ಪಟ್ಟದ ಸ್ಪರ್ಧೆ ನಡೆಯಿತು. ಹೊಸ ರಾಜ್ಯಕ್ಕೆ ತನ್ನದೇ ಆದ ಮಲ್ಲ ಬೇಕಿದ್ದ ಆ ಹೊತ್ತಿನಲ್ಲಿ, ಆಡಳಿತದ ಗೆರೆ ಎಲ್ಲಿ ಬಿದ್ದರೂ ಪೈಲ್ವಾನರು ನಡೆದು ಬರುವ ದಾರಿ ಬದಲಾಗಿರಲಿಲ್ಲ.

ಇದಕ್ಕೆ ಪಟ್ಟದ ಪಟ್ಟಿಯಲ್ಲಿಯೇ ಸಾಕ್ಷಿಯಿದೆ. 1967 ಮತ್ತು 1968ರಲ್ಲಿ ಸತತ ಎರಡು ಬಾರಿ ಮಹಾರಾಷ್ಟ್ರ ಕೇಸರಿಯಾದವರು ಚಂಬಾ ಮುತ್ನಾಳ. ಮುತ್ನಾಳ ಎಂಬುದು ಬೆಳಗಾವಿಗೆ ಸಮೀಪದ, ಅಪ್ಪಟ ಕನ್ನಡ ನಾಡಿನ ಊರಿನ ಹೆಸರು. ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳಿಂದ ಕೊಲ್ಹಾಪುರ, ಸಾಂಗಲಿಗಳ ತಾಲೀಮುಗಳಿಗೆ ಹೋಗಿ ವರ್ಷಗಟ್ಟಲೆ ಅಲ್ಲಿಯೇ ಉಂಡು, ಮಲಗಿ, ಸಾಮು ಮಾಡುವ ವಾಡಿಕೆ ಗಡಿಯ ಕನ್ನಡಿಗರಲ್ಲಿ ಹಳೆಯದು. ಕುಸ್ತಿಯ ಮಾತು ಎರಡೂ ಕಡೆ ಒಂದೇ: ಜಂಗಿ ನಿಕಾಲಿ ಕುಸ್ತಿ, ಮೈದಾನ, ವಸ್ತಾದ, ಖುರಾಕು, ಇನಾಮು, ಪಟ್ಟುಗಳಲ್ಲಿಯೂ ಢಾಕ, ಘಿಸ್ಸಾ, ಕಲಾಜಂಗ, ಎಕ್‌ಲಂಗಿ, ಝೋಳಿ. ಇವುಗಳಲ್ಲಿ ಕಲಾಜಂಗ ಎಂಬುದು ಎದುರಾಳಿಯ ತೋಳಿನಡಿ ತಲೆ ಹಾಕಿ, ತೊಡೆಗೆ ಕೈಕೊಟ್ಟು, ಅವನ ಇಡೀ ಮೈಯನ್ನು ಹೆಗಲ ಮೇಲೆ ಎತ್ತಿ ಆಚೆಗೆ ಉರುಳಿಸುವ ಪಟ್ಟು. ಮೈಸೂರಿನ ಗರಡಿಯ ಶಬ್ದಸಂಪತ್ತು ಇದಕ್ಕಿಂತ ಬೇರೆಯದೇ ಆಗಿರುವುದನ್ನು ಗಮನಿಸಿದರೆ, ಉತ್ತರ ಕರ್ನಾಟಕದ ಕುಸ್ತಿಯ ಚರಿತ್ರೆಯನ್ನು ಕೊಲ್ಹಾಪುರ ಮತ್ತು ಪುಣೆಗಳನ್ನು ಬಿಟ್ಟು ಬರೆಯಲಾಗದು ಎನ್ನಬೇಕಾಗುತ್ತದೆ. ಕನ್ನಡದ ಕ್ರೀಡಾ ಬರವಣಿಗೆಯು ಈ ಕಡೆಗೆ ಇನ್ನೂ ಹೆಚ್ಚು ಗಮನ ಕೊಡಬೇಕಾಗಿದೆ.

ಮೊದಲ ದಶಕಗಳ ಪಟ್ಟಿಯಲ್ಲಿ ಕೆಲವು ವರ್ಷಗಳ ಎದುರು ಯಾರ ಹೆಸರೂ ಇಲ್ಲದೆ, ‘ಅನಿರ್ಣಿತ’ ಎಂಬ ಒಂದೇ ಶಬ್ದವಿದೆ. ಅಂತಿಮ ಕುಸ್ತಿಯಲ್ಲಿ ಯಾರೂ ಚಿತ್ ಆಗದಿದ್ದರೆ ಪಟ್ಟವನ್ನು ಯಾರಿಗೂ ಕೊಡದೆ ಉಳಿಸಿಕೊಳ್ಳುವ ಧೈರ್ಯ ಆಗಿನ ಸಂಘಟಕರಿಗಿತ್ತು. ಮಣ್ಣಿನ ನ್ಯಾಯವು ಪಂದ್ಯಾವಳಿಯ ಚೌಕಟ್ಟಿನೊಳಗೂ ಉಸಿರಾಡುತ್ತಿದ್ದ ಕಾಲವದು. ಆದರೆ ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಕುಸ್ತಿಗೆ ಮಲ್ಲರನ್ನು ಸಿದ್ಧಪಡಿಸಬೇಕಿದ್ದ ಪರಿಷತ್ತು ಗಾದಿಯನ್ನು ದೂರವಿಡುವಂತಿರಲಿಲ್ಲ, ಜಾತ್ರೆಯ ಮೈದಾನಗಳ ಇನಾಮಿನಿಂದಲೇ ಬದುಕುವ ಪೈಲ್ವಾನರ ನಡುವೆ ಮಣ್ಣನ್ನು ಬಿಡುವಂತೆಯೂ ಇರಲಿಲ್ಲ. ಕಾಲಾಂತರದಲ್ಲಿ ಗಟ್ಟಿಯಾದ ಪರಿಹಾರವೆಂದರೆ ಎರಡನ್ನೂ ಉಳಿಸಿಕೊಳ್ಳುವುದು. ಕೇಸರಿ ಪಟ್ಟದ ಮುಕ್ತ ವಿಭಾಗಕ್ಕೆ ಈಗ 86ರಿಂದ 125 ಕಿಲೋ ತೂಕದವರು ಇಳಿಯುತ್ತಾರೆ. ಮಣ್ಣಿನ ವಿಭಾಗ ಮತ್ತು ಗಾದಿ ವಿಭಾಗಗಳು ಪಕ್ಕಪಕ್ಕದ ಕಣಗಳಲ್ಲಿ ಬೇರೆಬೇರೆಯಾಗಿ ನಡೆದು, ಮಣ್ಣಿನ ವಿಜೇತನೂ ಗಾದಿಯ ವಿಜೇತನೂ ಕೊನೆಯಲ್ಲಿ ಎದುರಾಗುತ್ತಾರೆ. ಈ ಕೊನೆಯ ಕುಸ್ತಿ ನಡೆಯುವುದು ಗಾದಿಯ ಮೇಲೆ, ನಡುವೆ 30 ಸೆಕೆಂಡುಗಳ ಬಿಡುವಿರುವ ತಲಾ 3 ನಿಮಿಷಗಳ ಎರಡು ಸುತ್ತುಗಳಲ್ಲಿ. ಎದುರಾಳಿಯನ್ನು ವೃತ್ತದ ಹೊರಗೆ ತಳ್ಳಿದರೂ 1 ಅಂಕ ಸಿಗುವ ಈ ಆಟದಲ್ಲಿ, ಒಬ್ಬರ ಬೆನ್ನೂ ನೆಲ ಕಾಣದೆ ಪಟ್ಟ ತೀರ್ಮಾನವಾಗಬಹುದು. ಮಣ್ಣಿನಲ್ಲಿ ನಿಧಾನವಾಗಿ ಬಲ ಕೂಡಿಸಿ ಎದುರಾಳಿಯನ್ನು ದಣಿಸುವ ಮಲ್ಲನಿಗೆ ಇದು ಅನನುಕೂಲವೆಂಬ ದೂರು ಹಳೆಯದು, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ. ಒಪ್ಪಂದದಲ್ಲಿ ಕೊನೆಯ ಮಾತು ಗಾದಿಯದೇ ಆಗಿದೆ.

ಗೆದ್ದವನ ಹೆಗಲಿಗೇರುವ ಗದೆಯ ವಿಷಯದಲ್ಲಿ ಮಾತ್ರ ಹಳೆಯ ಪರಂಪರೆಯೇ ಮೇಲುಗೈ ಪಡೆದಿದೆ. ಕಪ್, ಪದಕಗಳ ಬದಲು ಇಲ್ಲಿ ಸಲ್ಲುವುದು ಮಾರುತಿಯ ಆಯುಧ. ಮಾಮಾಸಾಹೇಬ ಮೋಹೋಳರ ಸ್ಮರಣೆಯಲ್ಲಿ ಅವರ ಕುಟುಂಬ ನೀಡುತ್ತ ಬಂದಿರುವ ಈ ಗದೆ ಪುಣೆಯ ಅಕ್ಕಸಾಲಿಗರ ಕೈಯಲ್ಲಿಯೇ ತಯಾರಾಗುತ್ತದೆ: ಒಳಗೆ ಕಡೆದ ಮರ, ಅದರ ಮೇಲೆ ಬೆಳ್ಳಿಯ ತಗಡನ್ನು ಬಡಿದು ಕೂರಿಸಿ ಕೆತ್ತಿದ ಕುಸುರಿ, ಗುಂಡಿನ ಒಂದು ಬದಿಗೆ ಮಾರುತಿ, ಇನ್ನೊಂದು ಬದಿಗೆ ಮಾಮಾಸಾಹೇಬರ ಮುಖ. ಕಾಲ ಬದಲಾದಂತೆ ಅದರ ಜೊತೆಗೆ ಬೇರೆ ಬಹುಮಾನಗಳೂ ಸೇರಿದವು. 2023ರ ಜನವರಿಯಲ್ಲಿ ಪುಣೆಯಲ್ಲಿ ಗೆದ್ದವರಿಗೆ ಜೀಪಿನಂಥ ದೊಡ್ಡ ವಾಹನ ಮತ್ತು 5 ಲಕ್ಷ ರೂಪಾಯಿ, ಎರಡನೆಯವರಿಗೆ ಟ್ರ್ಯಾಕ್ಟರ್ ಸಂದಿತು. 2011ರಿಂದ 2013ರವರೆಗೆ ಸತತ ಮೂರು ಬಾರಿ ಗೆದ್ದ ನರಸಿಂಗ್ ಯಾದವ್ ಮತ್ತು 2014ರಿಂದ 2016ರವರೆಗೆ ಅದೇ ಸಾಧನೆ ಮಾಡಿದ ವಿಜಯ ಚೌಧರಿಯವರಿಗೆ ರಾಜ್ಯ ಸರ್ಕಾರ ಪೊಲೀಸ್ ಇಲಾಖೆಯಲ್ಲಿ ಡಿವೈಎಸ್‌ಪಿ ಹುದ್ದೆ ನೀಡಿತು. ಖುರಾಕಿಗೆ ಮನೆಯ ಎಮ್ಮೆ, ಹೊಲಗಳನ್ನು ಮಾರುವ ತಂದೆತಾಯಿಗಳಿಗೆ ಬೆಳ್ಳಿಗದೆಯಷ್ಟೇ ಈ ಸರ್ಕಾರಿ ನೌಕರಿಯೂ ಕಣ್ಣಮುಂದಿರುವ ಗುರಿ.

ಆರಂಭದ ದಶಕಗಳಲ್ಲಿ ಪುಣೆ ಆಡಳಿತದ ನೆಲೆಯಾಗಿತ್ತೇ ಹೊರತು ಮಲ್ಲರ ನೆಲೆ ಕೊಲ್ಹಾಪುರವೇ ಆಗಿತ್ತು. 1970ರಲ್ಲಿ ಅಧಿವೇಶನ ಪುಣೆಯಲ್ಲಿಯೇ ನಡೆದಾಗ ಗೆದ್ದವರು ಕೊಲ್ಹಾಪುರದ ಮೋತಿಬಾಗ್ ತಾಲೀಮಿನ ದಾದು ಚೌಗುಲೆ. ಮರುವರ್ಷವೂ ಅವರೇ ಗೆದ್ದರು, 1974ರ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕವನ್ನೂ ತಂದರು. ತಕ್ಕಡಿ ನಿಧಾನವಾಗಿ ಪುಣೆಯ ಕಡೆಗೆ ವಾಲಿದ್ದಕ್ಕೆ ಕಾರಣ ಗುರುಗಳು ಮತ್ತು ಗಾದಿಗಳು. 1969ರ ಕೇಸರಿ, ಲಾತೂರ್ ಸೀಮೆಯ ಹರಿಶ್ಚಂದ್ರ ಬಿರಾಜದಾರರು ಪುಣೆಯ ಗೋಕುಳ ವಸ್ತಾದ ತಾಲೀಮಿನಲ್ಲಿ ‘ಮಾಮಾ’ ಎಂದೇ ಹೆಸರಾಗಿ ಒಂದು ತಲೆಮಾರನ್ನು ಪಳಗಿಸಿದರು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬಾಲೇವಾಡಿಯಲ್ಲಿ ಎದ್ದ ಕ್ರೀಡಾನಗರಿ, ಕಾತ್ರಜದ ಮಾಮಾಸಾಹೇಬ ಮೋಹೋಳ ಕುಸ್ತಿ ಸಂಕುಲ, 2001ರಲ್ಲಿ ಆರಂಭವಾದ ಸೇನಾ ಕ್ರೀಡಾ ಸಂಸ್ಥೆ ಇವೆಲ್ಲ ಗಾದಿಯ ಕುಸ್ತಿಗೆ ಬೇಕಾದ ಸೌಕರ್ಯವನ್ನು ನಗರಕ್ಕೆ ತಂದವು. ಅರ್ಜುನ ಪ್ರಶಸ್ತಿ ಪಡೆದ ಕಾಕಾ ಪವಾರರ ತಾಲೀಮು ಮರಾಠವಾಡಾ, ನಾಸಿಕ, ಸೋಲಾಪುರಗಳ ಹುಡುಗರನ್ನು ಪುಣೆಗೆ ಸೆಳೆಯಿತು. 2020ರ ಜನವರಿಯಲ್ಲಿ ಬಾಲೇವಾಡಿಯಲ್ಲಿ ನಡೆದ ಅಂತಿಮ ಕುಸ್ತಿಗೆ ಬಂದ ಹರ್ಷವರ್ಧನ ಸದಗೀರ ಮತ್ತು ಶೈಲೇಶ ಶೆಳಕೆ ಇಬ್ಬರೂ ಅದೇ ಒಂದು ತಾಲೀಮಿನಲ್ಲಿ ಜೊತೆಗೆ ಉಂಡು ಬೆಳೆದವರು. ದಿನವೂ ಒಬ್ಬರನ್ನೊಬ್ಬರು ಹಿಡಿದು ಪಳಗಿದ ಕೈಗಳಾದ್ದರಿಂದ ಯಾವ ಪಟ್ಟೂ ಪೂರ್ತಿ ಹಿಡಿಯದೆ ಆಟ 3–2 ಅಂಕಗಳಲ್ಲಿ ಮುಗಿಯಿತು. ಗೆದ್ದ ಸದಗೀರರು ಸೋತ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಕಣದಲ್ಲಿ ಸುತ್ತು ಹಾಕಿದರು.

ಪಟ್ಟವನ್ನು ಕೊಡುವ ಹಕ್ಕು ಯಾರದೆಂಬ ಪ್ರಶ್ನೆ 2022ರಲ್ಲಿ ಎದ್ದಿತು. ಭಾರತೀಯ ಕುಸ್ತಿ ಮಹಾಸಂಘವು ಆ ವರ್ಷ ಪುಣೆಯ ಹಳೆಯ ಪರಿಷತ್ತನ್ನು ಬರಖಾಸ್ತು ಮಾಡಿ ಬೇರೆ ವ್ಯವಸ್ಥೆ ಮಾಡಲು ಹೊರಟಾಗ, ಎರಡು ಬಣಗಳಾಗಿ ವ್ಯಾಜ್ಯ ಬೆಳೆಯಿತು. 2023ರ ಜನವರಿಯಲ್ಲಿ ಪುಣೆಯ ಕೋಥರೂಡಿನಲ್ಲಿ ನಡೆದ ಸ್ಪರ್ಧೆಯಲ್ಲಿ ಶಿವರಾಜ ರಾಕ್ಷೆ ಗೆದ್ದರು. ಅದೇ ವರ್ಷದ ನವೆಂಬರಿನಲ್ಲಿ ಪುಣೆ ಜಿಲ್ಲೆಯ ಫುಲಗಾಂವದಲ್ಲಿ ಒಂದು ಬಣವು ನಡೆಸಿದ ಸ್ಪರ್ಧೆಯಲ್ಲಿ, ಸೋಲಾಪುರ ಜಿಲ್ಲೆಯ ಮೋಹೋಳದಿಂದ ಬಂದು ಕೊಲ್ಹಾಪುರದ ಗಂಗಾವೇಸ ತಾಲೀಮಿನಲ್ಲಿ ಪಳಗಿದ ಸಿಕಂದರ್ ಶೇಖ್ ಅವರು ರಾಕ್ಷೆಯವರನ್ನು ಝೋಳಿ ಪಟ್ಟಿನಲ್ಲಿ ಅರೆ ನಿಮಿಷದೊಳಗೆ ಚಿತ್ ಮಾಡಿದರು. ಎದುರಾಳಿಯ ತಲೆಯನ್ನೂ ಕಾಲನ್ನೂ ಜೋಳಿಗೆಯ ಬಾಯಿಯಂತೆ ಒಟ್ಟಿಗೆ ಕಟ್ಟಿ ಉರುಳಿಸುವ ಆ ಹಳೆಯ ಮಣ್ಣಿನ ಪಟ್ಟು ಗಾದಿಯ ಮೇಲೆ ಹಾಗೆ ಕೂಡಿಬಂದದ್ದು ಕೊಲ್ಹಾಪುರದವರಿಗೆ ಎಲ್ಲಿಲ್ಲದ ಹಿಗ್ಗು ತಂದಿತು. ಕೆಲವೇ ದಿನಗಳಲ್ಲಿ ಇನ್ನೊಂದು ಬಣವು ಧಾರಾಶಿವದಲ್ಲಿ ತನ್ನದೇ ಸ್ಪರ್ಧೆ ನಡೆಸಿ ರಾಕ್ಷೆಯವರಿಗೆ ಪಟ್ಟ ಕಟ್ಟಿತು. ಹೀಗೆ ಒಂದೇ ತಿಂಗಳಲ್ಲಿ ಇಬ್ಬರು ಕೇಸರಿಗಳಾದರು. ಒಬ್ಬನೇ ಎಂಬುದೇ ಅರ್ಥವಾಗಿರುವ ಪಟ್ಟಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ನಷ್ಟವಾದದ್ದು ಗೆದ್ದ ಇಬ್ಬರಿಗೂ. 2023ರ ಮಾರ್ಚಿನಲ್ಲಿ ಸಾಂಗಲಿಯಲ್ಲಿ ಮಹಿಳೆಯರಿಗಾಗಿ ಮೊದಲ ಬಾರಿಗೆ ಇದೇ ಹೆಸರಿನ ಸ್ಪರ್ಧೆ ನಡೆದು ಪ್ರತೀಕ್ಷಾ ಬಾಗಡಿ ಗೆದ್ದದ್ದು ಆ ಕಲಹದ ವರ್ಷದ ಒಳ್ಳೆಯ ಸಂಗತಿ.

2025ರ ಫೆಬ್ರವರಿಯಲ್ಲಿ ಅಹಿಲ್ಯಾನಗರದಲ್ಲಿ, ಅಂದರೆ ಹಿಂದಿನ ಅಹಮದನಗರದಲ್ಲಿ, ನಡೆದ ಸ್ಪರ್ಧೆಯಲ್ಲಿಯೂ ಗಾದಿಯ ತೀರ್ಪುಗಳ ಬಗ್ಗೆ ಜಗಳವೆದ್ದು, ಎರಡೂ ಭುಜ ತಾಗಿದವೇ ಇಲ್ಲವೇ ಎಂಬ ಹಳೆಯ ಪ್ರಶ್ನೆಯೇ ಕ್ಯಾಮೆರಾಗಳ ಮುಂದೆ ಮತ್ತೆ ಬಂದು ನಿಂತಿತು. ಪುಣೆ ಜಿಲ್ಲೆಯ ಪೃಥ್ವಿರಾಜ ಮೋಹೋಳರು ಸೋಲಾಪುರದ ಮಹೇಂದ್ರ ಗಾಯಕವಾಡರನ್ನು ಸೋಲಿಸಿ, ಮಾಮಾಸಾಹೇಬರದೇ ಸೀಮೆಯಾದ ಮುಳಶಿಗೆ ಬೆಳ್ಳಿಗದೆಯನ್ನು ಹೊತ್ತುಕೊಂಡು ಹೋದರು.